ಮನೆಯಿಂದ ತಂದ ಪ್ರಶ್ನೆ

ಮುಂಬಯಿ ಹತ್ತಿರದ ಕಲ್ಯಾಣದಿಂದ ಫೋನು ಬಂದಾಗ ನಾನು ಕೋಪರಿಯ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದೆ. ನಮ್ಮ ಶಾಲೆಯ ಹಳೆಯ ಇಂಗ್ಲಿಷ್ ಸರ್ ತೀರಿಕೊಂಡು ಹದಿನೈದು ದಿನವಾಗಿತ್ತು. ಮಾತನಾಡಿದವರು ಅವರ ಹೆಂಡತಿ. ನಿಮ್ಮ ಶಾಲೆಯ ಪುಸ್ತಕವೊಂದು ಇಲ್ಲಿಯೇ ಉಳಿದಿದೆ, ಬೇರೆಯವರ ಸಾಮಾನು ಮನೆಯಲ್ಲಿ ಉಳಿದರೆ ಅವರಿಗೆ ಸೇರುತ್ತಿರಲಿಲ್ಲ, ಬಂದು ತೆಗೆದುಕೊಂಡು ಹೋಗಿ ಎಂದರು.

ಆ ಪುಸ್ತಕ ಯಾವುದೆಂದು ನನಗೆ ಗೊತ್ತಿತ್ತು. ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯ. ನಿವೃತ್ತಿಯ ದಿನ ಶಾಲು ಹೊದೆಸಿದರೆ ಸೆಕೆಯಾಗುತ್ತದೆಂದು ತೆಗೆದು ಕುರ್ಚಿಯ ಮೇಲಿಟ್ಟ ಮನುಷ್ಯ ನನ್ನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದರು. ಪಠ್ಯ ಬದಲಾದಾಗಲೆಲ್ಲ ಹೊಸ ಪುಸ್ತಕದ ಒಂದು ಪ್ರತಿ ಕಲ್ಯಾಣಕ್ಕೆ ತಲುಪಬೇಕು. ಯಾಕೆ ಸರ್ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಎಷ್ಟು ವರ್ಷವಾದರೂ ಪಾಸಾಗಿಲ್ಲ ಎಂದಿದ್ದರು. ಅವರ ತಮಾಷೆಗಳಲ್ಲಿ ಇದೂ ಒಂದು ಎಂದುಕೊಂಡು ನಾನು ನಕ್ಕಿದ್ದೆ.

ನಮ್ಮದು ಡೊಂಬಿವಲಿಯ ಒಂದು ಕನ್ನಡ ಮಾಧ್ಯಮದ ಶಾಲೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಾಗ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಮಕ್ಕಳಲ್ಲಿ ಅರ್ಧದಷ್ಟು ನಮ್ಮ ಕಡೆಯವರು, ಉಡುಪಿ ಸುತ್ತಿನಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರ ಮಕ್ಕಳು. ಇನ್ನರ್ಧ ಕಲಬುರಗಿ, ವಿಜಯಪುರ, ರಾಯಚೂರುಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ಮುಂಬ್ರಾ, ದಿವಾ ಕಡೆಯಿಂದ ಲೋಕಲ್ ರೈಲಿನಲ್ಲಿ ಬರುವವರು. ಸರ್ ಅಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದರು.

ನೋಡಿದರೆ ಯಾರೂ ಅವರನ್ನು ಇಂಗ್ಲಿಷ್ ಮಾಸ್ತರರು ಎನ್ನುತ್ತಿರಲಿಲ್ಲ. ಮಡಚಿದ ತೋಳಿನ ಖಾಕಿ ಅಂಗಿ, ಎರಡು ದಿನದ ಗಡ್ಡ, ಸೀಮೆಸುಣ್ಣ ಒರೆಸಿ ಒರೆಸಿ ಬಣ್ಣವೇ ತಿಳಿಯದ ಕರ್ಚೀಫು. ಒಮ್ಮೆ ಯಾರದೋ ಹೌಸಿಂಗ್ ಸೊಸೈಟಿಗೆ ಹೋದಾಗ ವಾಚ್‌ಮನ್ ಇವರನ್ನು ನೀರಿನ ಪಂಪು ರಿಪೇರಿಯವರೆಂದು ತಿಳಿದು ಹಿಂದಿನ ಗೇಟಿಗೆ ಕಳಿಸಿದನಂತೆ. ಇವರು ಹೋಗಿ ಪಂಪನ್ನೂ ನೋಡಿ ಬಂದರಂತೆ. ಅವರ ಇಂಗ್ಲಿಷಿನಲ್ಲಿ ವಿಜಯಪುರದ ಬಿಸಿಲಿತ್ತು. ಅದನ್ನು ತಿದ್ದಿಕೊಳ್ಳಬೇಕೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ. ನನ್ನ ಡಬ್ಬಿಯ ನೀರುದೋಸೆಯನ್ನು ಹಸಿ ಕರ್ಚೀಫು ಎಂದು ಕರೆದು, ತಮ್ಮ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ನನ್ನ ಕಡೆ ತಳ್ಳಿ, ಆ ಹಸಿ ಕರ್ಚೀಫನ್ನು ತಾವು ಮುಗಿಸಿಬಿಡುತ್ತಿದ್ದರು.

ಅವರಲ್ಲಿ ಸಿಟ್ಟು ತರಿಸುವ ಗುಣಗಳೂ ಬೇಕಾದಷ್ಟಿದ್ದವು. ತಿದ್ದಬೇಕಾದ ನೋಟ್‌ಬುಕ್ಕುಗಳು ಅವರ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗಿರುತ್ತಿದ್ದವು. ಗೈಡು ಹಿಡಿದು ಬಂದ ಮಕ್ಕಳನ್ನು ಅವರು ಆಡಿಕೊಳ್ಳುವ ರೀತಿ ಕೆಲವೊಮ್ಮೆ ಅತಿಯಾಗುತ್ತಿತ್ತು. ಶಾಲೆಯ ಹುಡುಗರನ್ನು ಠಾಣೆ ಶಹರಕ್ಕೆ ಕರೆದುಕೊಂಡು ಹೋದ ಒಂದು ದಿನ, ವಾಪಸು ಬರುವ ರೈಲಿನಲ್ಲಿ ನಮ್ಮೆಲ್ಲರ ಕಣ್ಣು ಮುಚ್ಚಿಸಿ, ಗಾಲಿಯ ಸದ್ದಿನ ಮೇಲೆ ಸ್ಟೇಷನ್ ಗುರುತಿಸಿ ಎಂದು ಹಟ ಹಿಡಿದರು. ಸಮುದ್ರದ ನೀರು ಒಳನುಗ್ಗುವ ಖಾಡಿಯ ಸೇತುವೆ ದಾಟಿದ್ದು, ಮುಂಬ್ರಾದ ಗುಡ್ಡದ ಪಕ್ಕ ಸದ್ದು ತಿರುಗಿ ಬರುವುದು, ಎಲ್ಲವನ್ನೂ ತಾವೇ ಮೊದಲು ಹೇಳಿ ಗೆದ್ದರು. ಮಕ್ಕಳಿಗೆ ಸೋಲುವುದು ಅವರಿಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಹೆಡ್‌ಮಿಸ್ಟ್ರೆಸ್ ನನ್ನನ್ನು ಅವರ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಪಾಠ ಮಾಡುವುದು ನೋಡಿ ಕಲಿ ಎಂದು. ಸರ್ ಪುಸ್ತಕ ತೆರೆಯಲಿಲ್ಲ. ಬೋರ್ಡಿಗೆ ಒರಗಿ ನಿಂತು, ನಿನ್ನೆಯ ಕಥೆಗೆ ಮನೆಯವರು ಏನು ಕೇಳಿದರು ಎಂದರು. ಕೈಗಳು ಎದ್ದವು. ಆಮೇಲೆ ನನಗೆ ತಿಳಿಯಿತು, ಅದು ಅವರ ಪದ್ಧತಿ. ಇಂಗ್ಲಿಷಿನ ಯಾವ ಪಾಠ ಓದಿದರೂ ಮಕ್ಕಳು ಅದನ್ನು ಅಂದು ಮನೆಗೆ ಹೋಗಿ ತಮ್ಮ ಮನೆಯ ಭಾಷೆಯಲ್ಲಿ ಹೇಳಬೇಕು. ಕನ್ನಡವೋ ತುಳುವೋ ಹಿಂದಿಯೋ, ಅವರವರ ಇಷ್ಟ. ಕೇಳಿದವರು ಒಂದು ಪ್ರಶ್ನೆಯನ್ನಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ಮರುದಿನ ತರಗತಿಗೆ ತರಬೇಕು. ಪ್ರಶ್ನೆಗೆ ಉತ್ತರವನ್ನು ಇಂಗ್ಲಿಷ್ ಪುಟದಲ್ಲೇ ಹುಡುಕಬೇಕು. ಪುಸ್ತಕ ತೆರೆಯುವುದು ಆಗ.

ಅಂದಿನ ಪಾಠ ಯಾವುದೋ ದೇಶದ ಒಬ್ಬ ಅಂಬಿಗನದು. ನಲವತ್ತು ವರ್ಷ ಜನರನ್ನು ದೋಣಿಯಲ್ಲಿ ಹೊಳೆ ದಾಟಿಸಿದ್ದಾನೆ. ಊರಿಗೆ ಸೇತುವೆ ಬರುತ್ತದೆ. ಸೇತುವೆ ತೆರೆದ ದಿನ ಅವನೂ ಜನರ ಜೊತೆ ನಡೆದು ಆಚೆ ದಡಕ್ಕೆ ಹೋಗುತ್ತಾನೆ. ಗೈಡಿನಲ್ಲಿ ಇದ್ದ ಪ್ರಶ್ನೆ, ಅಂಬಿಗನ ಭಾವನೆಗಳನ್ನು ವರ್ಣಿಸಿ ಎಂಬುದು. ಮುಂಬ್ರಾದಿಂದ ಬರುವ, ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಕಟ್ಟಡದ ಕೆಲಸದವಳು.

"ನಮ್ಮವ್ವ ಕೇಳ್ಯಾಳ್ರಿ ಸರ್. ನಡು ಹೊಳ್ಯಾಗ ಕಂಬ ಎಬ್ಬಸಬೇಕಂದ್ರ ಕಲ್ಲು, ಉಸುಕು ಯಾರು ಒಯ್ದಾರ? ಅವನ ದೋಣ್ಯಾಗೇ ಒಯ್ದಿರಬೇಕಲ್ಲ, ಅಂತ."

 ಸರ್ ಕನ್ನಡಕ ತೆಗೆದು ಆ ಸುಣ್ಣದ ಕರ್ಚೀಫಿನಲ್ಲಿ ಒರೆಸಿ ಇನ್ನಷ್ಟು ಮಸುಕು ಮಾಡಿಕೊಂಡರು. ಈ ಪಾಠವನ್ನು ಇಷ್ಟು ವರ್ಷದಿಂದ ಹೇಳುತ್ತಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ, ಈಗ ಪುಸ್ತಕ ತೆಗೆಯಿರಿ ಎಂದರು. ನಲವತ್ತು ತಲೆಗಳು ಪುಟದ ಮೇಲೆ ಬಗ್ಗಿದವು. ಇಂಗ್ಲಿಷ್ ಎಂದರೆ ಬೆವರುವ ಮಕ್ಕಳು ಬೆರಳಿಟ್ಟು ಸಾಲು ಸಾಲು ಓದಿದರು. ಕೊನೆಗೆ ಮೂರನೆಯ ಬೆಂಚಿನಲ್ಲಿ ಯಾರೋ ಒಂದು ವಾಕ್ಯ ಹಿಡಿದರು. ಸೇತುವೆ ಕಟ್ಟುವ ಎರಡು ವರ್ಷ ಅಂಬಿಗನಿಗೆ ಬಿಡುವೇ ಇರಲಿಲ್ಲ ಎಂಬ ಸಣ್ಣ ವಾಕ್ಯ. ಎಲ್ಲರೂ ಹತ್ತಾರು ಸಲ ದಾಟಿ ಹೋಗಿದ್ದ ವಾಕ್ಯ. ತನ್ನ ಕೆಲಸ ಕಳೆಯುವ ಸೇತುವೆಯನ್ನು ಅವನೇ ಹೊತ್ತು ತಂದಿದ್ದ.

ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಬಿ.ಎಡ್.ನಲ್ಲಿ ಫಸ್ಟ್ ಕ್ಲಾಸು ಬಂದ ಇಪ್ಪತ್ಮೂರರ ಹುಡುಗಿಗೆ ಇನ್ನೊಂದು ಲೆಕ್ಕವೂ ಹೊಳೆಯಿತು. ಒಂದು ಪೀರಿಯಡ್ಡಿಗೆ ಒಂದು ಪ್ರಶ್ನೆ. ಹೀಗೆ ಹೋದರೆ ಪಠ್ಯ ಮುಗಿಯುವುದು ಯಾವಾಗ?

ಮುಂದಿನ ಜೂನಿನಲ್ಲಿ ಆ ಲೆಕ್ಕವನ್ನು ನಾನು ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿಬಿಟ್ಟೆ. ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದರು. ಹತ್ತನೆಯ ತರಗತಿಯ ಫಲಿತಾಂಶ ಏರದಿದ್ದರೆ ಇನ್ನೂ ಕಡಿಮೆಯಾಗುತ್ತಾರೆಂದು ಹೆಡ್‌ಮಿಸ್ಟ್ರೆಸ್ಸರಿಗೆ ದಿಗಿಲು. ಇಂಗ್ಲಿಷಿನದು ಏನು ಕಥೆ ಎಂದು ಅವರು ಕೇಳಿದಾಗ, ಹೋದ ವರ್ಷ ದೀಪಾವಳಿ ರಜೆಯವರೆಗೆ ಮೂರೇ ಪಾಠ ಆಗಿತ್ತು ಮೇಡಂ ಎಂದೆ. ಸುಳ್ಳಲ್ಲ. ಆದರೆ ಹೇಳಬೇಕಾದವಳು ನಾನಾಗಿರಲಿಲ್ಲ. ಅಂದೇ ಹತ್ತನೆಯ ತರಗತಿ ನನಗೆ ಬಂತು, ಸರ್‌ಗೆ ಐದನೆಯದು ಹೋಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯನ ಕೈಯಿಂದ ಅವರ ದೊಡ್ಡ ತರಗತಿಯನ್ನು ನಾನು ಕಿತ್ತುಕೊಂಡಿದ್ದೆ. ಅವರು ಛಲೋ ಆತು ಎಂದರು, ಡಸ್ಟರ್ ನನ್ನ ಕೈಗೆ ಕೊಟ್ಟರು. ಮಧ್ಯಾಹ್ನ ರೊಟ್ಟಿಯನ್ನು ಎಂದಿನಂತೆ ನನ್ನ ಕಡೆ ತಳ್ಳಿದರು. ನೀರುದೋಸೆಯನ್ನು ಮಾತ್ರ ಅಂದಿನಿಂದ ಏನೂ ಅನ್ನಲಿಲ್ಲ. ಆ ತಮಾಷೆ ನಿಂತದ್ದು ನನಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ನಾನು ಗೈಡು ಹಿಡಿದು ನುಗ್ಗಿದೆ. ಪ್ರಶ್ನೆ ಬೋರ್ಡಿನ ಮೇಲೆ, ಉತ್ತರ ನನ್ನ ಬಾಯಲ್ಲಿ, ಮಕ್ಕಳು ಬರೆದುಕೊಳ್ಳುವುದು. ಗಣಪತಿ ಹಬ್ಬದ ಹೊತ್ತಿಗೆ ಅರ್ಧ ಪುಸ್ತಕ ಮುಗಿದಿತ್ತು. ಹೆಡ್‌ಮಿಸ್ಟ್ರೆಸ್ ಎಲ್ಲರೆದುರು ನನ್ನ ಹೆಸರು ಹೇಳಿದರು. ಎರಡು ಜಡೆಯ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿ ನನ್ನೆದುರು ಕೂತು ತಲೆ ಎತ್ತದೆ ಬರೆಯುತ್ತಿದ್ದಳು.

ಹಬ್ಬದ ರಜೆ ಮುಗಿದ ವಾರ, ಊಟದ ಬಿಡುವಿನಲ್ಲಿ, ಅವಳ ತಾಯಿ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು. ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ಕೂದಲಲ್ಲಿ ಸಿಮೆಂಟಿನ ಧೂಳು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು. ಇಂಥವರು ಬಂದರೆ ನಮಗೆಲ್ಲ ಒಂದೇ ಭಯ. ಕೆಲಸದ ಸೈಟು ಬೇರೆ ಕಡೆ ಹೋಯಿತು, ಮಗುವಿನ ಲೀವಿಂಗ್ ಸರ್ಟಿಫಿಕೇಟ್ ಕೊಡಿ ಎನ್ನುತ್ತಾರೆ, ಓದು ಅಲ್ಲಿಗೆ ಮುಗಿಯುತ್ತದೆ. ಹೆಡ್‌ಮಿಸ್ಟ್ರೆಸ್ ಬುದ್ಧಿ ಹೇಳಲು ಕುರ್ಚಿಯಿಂದ ಅರ್ಧ ಎದ್ದರು. ಅವಳು ಇಂಗ್ಲಿಷ್ ಕಲಿಸುವವರು ಯಾರು ಎಂದು ಕೇಳಿದಳು. ನಾನು ಎದ್ದೆ.

"ಈ ವರ್ಷದ ಪುಸ್ತಕದಾಗ ಕಥಿ ಇಲ್ಲೇನ್ರಿ ಟೀಚರ್?" ಎಂದಳು. "ಹ್ವಾದ ವರ್ಷ ದಿನಾ ಹೇಳ್ತಿದ್ಳು. ಈಗ ಕೇಳಿದ್ರ, ಬರೇ ಉತ್ತರ ಅದಾವ ಅಂತಾಳ."

ಜಗಳಕ್ಕೆ ಬಂದವಳ ದನಿ ಅದಲ್ಲ. ಪುಸ್ತಕ ಬದಲಾಗಿರಬಹುದು, ಕೇಳಿ ತಿಳಿದುಕೊಳ್ಳೋಣ ಎಂದು ಬಂದವಳ ದನಿ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಇದೆ, ನಾಳೆಯಿಂದ ಹೇಳುತ್ತಾಳೆ ಎಂದು ತೊದಲಿದೆ. ಅವಳು ನಂಬಿ ಹೋದಳು. ಮೂಲೆಯ ಮೇಜಿನಲ್ಲಿ ಸರ್ ಐದನೆಯ ತರಗತಿಯ ನೋಟ್‌ಬುಕ್ಕುಗಳ ಮೇಲೆ ಬಗ್ಗಿದ್ದರು. ಎಂದೂ ನೋಟ್‌ಬುಕ್ಕು ತಿದ್ದದವರು ಅಂದು ತಲೆ ಎತ್ತದೆ ತಿದ್ದಿದರು.

ಶಾಲೆ ಬಿಟ್ಟ ಮೇಲೆ ನಾನೇ ಅವರ ಹತ್ತಿರ ಹೋದೆ. ತಪ್ಪಾಯಿತು ಸರ್, ಹತ್ತನೆಯ ತರಗತಿಯನ್ನು ನೀವೇ ತೆಗೆದುಕೊಳ್ಳಿ, ಮೇಡಮ್ಮಿಗೆ ನಾನು ಹೇಳುತ್ತೇನೆ ಎಂದೆ. ಅಷ್ಟು ಹೇಳುವಾಗ ಅಳುವೂ ಬಂತು.

"ನೀವು ಮೀಟಿಂಗಿನಾಗ ಹೇಳಿದ್ದು ಖರೇ ಅದ," ಎಂದರು. "ನನ್ನ ಪಾಠ ಮುಗಿಯೂದಿಲ್ಲ. ನಿಮ್ಮದು ಸುರು ಆಗೂದಿಲ್ಲ. ಕ್ಲಾಸ್ ನೀವೇ ಇಟ್ಕೋರಿ. ನಾನು ಹಿಂದಿನ ಬೆಂಚಿನ್ಯಾಗ ಬಂದು ಕೂಡ್ತೀನಿ."

ಒಂದು ಷರತ್ತು ಹಾಕಿದರು. ಮಕ್ಕಳಿಗೆ ಹೇಳುವ ಮೊದಲು ಪಾಠವನ್ನು ನಾನೂ ನನ್ನ ಮನೆಯಲ್ಲಿ ಹೇಳಿ ಒಂದು ಪ್ರಶ್ನೆ ತರಬೇಕು. ಕೋಪರಿಯಲ್ಲಿ ನನ್ನ ತಾಯಿ ಹುರುಳಿ ಆರಿಸುತ್ತಾ ಕೂತಿದ್ದರು. ನನ್ನ ಕೆಲಸದ ಬಗ್ಗೆ ಅವರೊಂದಿಗೆ ಆವರೆಗೆ ಒಂದು ಮಾತೂ ಆಡಿದವಳಲ್ಲ. ತುಳುವಿನಲ್ಲಿ ಹೇಗೆ ಶುರು ಮಾಡುವುದೆಂದೇ ತಿಳಿಯಲಿಲ್ಲ. ಪಾಠ ಒಬ್ಬ ಮುದಿ ಬೇಕರಿಯವನದು, ಊರಿಗೆಲ್ಲ ಕೇಕು ಮಾಡಿ ಕೊಟ್ಟವನ ಕಥೆ. ಪೂರ್ತಿ ಕೇಳಿ ಅಮ್ಮ ಒಂದೇ ಮಾತು ಕೇಳಿದರು, ಅವನು ಮನೆಗೆ ಹೋಗಿ ಎಂಥ ತಿನ್ನುತ್ತಿದ್ದ? ನನ್ನ ತಂದೆ ಮೂವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವರು. ಮನೆಗೆ ಬಂದರೆ ಗಂಜಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅದೇಕೆಂದು ನಾನು ಆ ದಿನದವರೆಗೆ ಕೇಳಿರಲಿಲ್ಲ.

ಆ ಪ್ರಶ್ನೆ ಹಿಡಿದು ತರಗತಿಗೆ ಹೋದೆ. ಶನಿವಾರದ ಪೀರಿಯಡ್ಡಿಗೆ ಸರ್ ಬಂದು ಹುಡುಗರ ಜೊತೆ ಕೂತರು, ಕೈ ಎತ್ತಿ ಅನುಮತಿ ಕೇಳಿ ಮಾತನಾಡಿದರು. ಪತ್ರಲೇಖನ, ವ್ಯಾಕರಣ ಎಲ್ಲವನ್ನೂ ನಾನು ಗಡಿಯಾರ ನೋಡಿ ಮುಗಿಸುತ್ತಿದ್ದೆ. ಕಥೆ, ಪದ್ಯಗಳು ಮನೆಗೆ ಹೋಗಿ ಬರುತ್ತಿದ್ದವು. ಹೆಡ್‌ಮಿಸ್ಟ್ರೆಸ್ ಒಂದೆರಡು ಸಲ ಕಿಟಕಿಯಲ್ಲಿ ಇಣುಕಿದರು, ಐದನೆಯ ತರಗತಿಯ ಮಕ್ಕಳು ಮಾಸ್ತರರಿಲ್ಲದೆ ಕೂತಿಲ್ಲವಲ್ಲ ಎಂದು ವಿಚಾರಿಸಿ ಹೋದರು. ಎರಡು ಜಡೆಯ ಹುಡುಗಿಯ ಅವ್ವ ಮತ್ತೆ ಪ್ರಶ್ನೆ ಕಳಿಸತೊಡಗಿದಳು. ಒಂದು ಸೋಮವಾರ ನನ್ನ ಡಬ್ಬಿ ನೋಡಿ ಸರ್, ಹಸಿ ಕರ್ಚೀಫು ತಂದೀರೇನು ಎಂದರು. ನನ್ನ ಜೀವಕ್ಕೆ ಅಂದು ಎಷ್ಟು ಸಮಾಧಾನವಾಯಿತೆಂದರೆ ಎರಡು ರೊಟ್ಟಿ ಹೆಚ್ಚು ತಿಂದೆ.

ಫಲಿತಾಂಶದಲ್ಲಿ ಪವಾಡವೇನೂ ಆಗಲಿಲ್ಲ. ಹಿಂದಿನ ವರ್ಷದಷ್ಟೇ ಬಂತು. ಆ ಹುಡುಗಿ ಇಂಗ್ಲಿಷಿನಲ್ಲಿ ಐವತ್ತರ ಆಸುಪಾಸು ತೆಗೆದಳು. ಈಗ ಘಣಸೋಲಿಯ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಾಳೆ. ನಾನು ಮಾತ್ರ ಅಂದಿನಿಂದ ಗೈಡು ಮುಟ್ಟಲಿಲ್ಲ.

ನಿವೃತ್ತರಾದ ಮೇಲೂ ಸರ್ ಫೋನು ಮಾಡುತ್ತಿದ್ದರು. ಈಗ ಯಾವ ಪಾಠ ನಡೆದಿದೆ, ಮನೆಗಳಿಂದ ಏನು ಬಂತು ಎಂದು ಕೇಳುತ್ತಿದ್ದರು. ಕೊನೆಯ ಎರಡು ವರ್ಷ ಮಾತು ಚುಟುಕಾಯಿತು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿತ್ತು. ಅದು ಕಣ್ಣಿಗೆ ಇಳಿದದ್ದು ನನಗೆ ಗೊತ್ತಿರಲಿಲ್ಲ.

ಭಾನುವಾರ ಕಲ್ಯಾಣಕ್ಕೆ ಹೋದೆ. ಅವರ ಹೆಂಡತಿ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಇಟ್ಟಿದ್ದರು. ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವರು ಅವರು. ಚಹಾ ಕೊಟ್ಟು ಎದುರು ಕೂತು, ಮದುವೆಯಾದಾಗಿನಿಂದ ಸರ್ ತರಗತಿಗೆ ಹೇಳುವ ಪ್ರತಿ ಪಾಠವನ್ನೂ ಮೊದಲು ತಮಗೆ ಹೇಳುತ್ತಿದ್ದರೆಂದು ಹೇಳಿದರು. ಪಾಸಾಗದ ವಿದ್ಯಾರ್ಥಿನಿ ಇವರೇ ಎಂದು ನನಗೆ ಆಗ ತಿಳಿಯಿತು. ನಿವೃತ್ತರಾದ ಮೇಲೂ ಆ ರೂಢಿ ನಿಲ್ಲಲಿಲ್ಲ. ದಿನಾ ಸಂಜೆ ನಾಲ್ಕರ ಚಹಾಕ್ಕೆ ಇವರು, ಇವತ್ತು ಪುಸ್ತಕದಲ್ಲಿ ಏನಿದೆ ಎಂದು ಕೇಳುವುದು, ಅವರು ಪುಸ್ತಕ ತೆರೆದು ಹೇಳುವುದು.

ಕೊನೆಗೆ ಹೇಳಿದ ಕಥೆ ಒಬ್ಬ ಸ್ಟೇಷನ್ ಮಾಸ್ತರನದಂತೆ. ಹಿಮ ಬೀಳುವ ಊರಿನ ಒಂದು ಸಣ್ಣ ಸ್ಟೇಷನ್. ಮಾಸ್ತರನ ಕಣ್ಣು ಮಂಜಾಗಿದೆ, ಯಾರಿಗೂ ಹೇಳಿಲ್ಲ. ಯಾವ ರೈಲು ಬಂತೆಂದು ಗಾಲಿಯ ಸದ್ದಿನಲ್ಲೇ ಗುರುತಿಸುತ್ತಾನೆ. ಊಟ ತರುವ ಹೆಂಡತಿ ದಿನಾ ಟೈಮೆಷ್ಟಾಯಿತು ಎಂದು ಕೇಳುತ್ತಾಳೆ. ಅವನು ಗಡಿಯಾರವನ್ನು ಕಣ್ಣ ಹತ್ತಿರ ಹಿಡಿದು, ಆಗಷ್ಟೇ ಹೋದ ರೈಲಿನ ಅಂದಾಜಿನ ಮೇಲೆ ಹೇಳುತ್ತಾನೆ.

"ಹೆಂಡತಿಗೆ ಗೊತ್ತಿದ್ದಿಲ್ಲೇನು, ಅಂತ ಕೇಳಿದೆ," ಎಂದರು. "ಕನ್ನಡಕ ತಗದು ಭಾಳ ಹೊತ್ತು ಒರಸಿದ್ರು. ಇದು ಕ್ಲಾಸಿಗೆ ಒಯ್ಯೋ ಪ್ರಶ್ನಿ, ಅಂದ್ರು. ಆಮ್ಯಾಲೆ ಎರಡು ದಿನಕ್ಕ ದವಾಖಾನಿಗೆ ಸೇರಿಸಿದ್ವಿ."

 ಆ ಪುಸ್ತಕವನ್ನು ದಿನಾ ಕಲಿಸುವವಳು ನಾನು. ಅದರಲ್ಲಿ ಸ್ಟೇಷನ್ ಮಾಸ್ತರನ ಕಥೆ ಇಲ್ಲ.

ಅವರು ನನ್ನ ಮುಖ ನೋಡಿದರು. ಪುಸ್ತಕದಲ್ಲಿ ಇಲ್ಲ, ಅಲ್ಲವೇ ಎಂದು ಅವರೇ ಕೇಳಿದರು. ಸರ್‌ಗೆ ಅಕ್ಷರ ಕಾಣದೆ ವರ್ಷದ ಮೇಲಾಗಿತ್ತಂತೆ. ಒಂದು ದಿನ ಬೇಕೆಂದೇ ಪಕ್ಕದ ಮನೆಯ ಹುಡುಗಿಯ ಭೂಗೋಳದ ಪುಸ್ತಕವನ್ನು ಅವರ ಕೈಗೆ ಕೊಟ್ಟರಂತೆ. ಸರ್ ಅದರಿಂದಲೂ ಒಂದು ಕಥೆ ಓದಿದರಂತೆ. ಇಷ್ಟು ಹೇಳಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೆಂಡತಿಗೆ ಗೊತ್ತಿದ್ದಿಲ್ಲೇನು ಎಂದು ನಾನು ಕೇಳಬಾರದಿತ್ತೇನೋ, ಅವರ ಮನಸ್ಸು ನೊಂದಿರಬೇಕು, ಅದೊಂದೇ ಕೊರೆಯುತ್ತದೆ ಎಂದರು.

"ಒಯ್ಯಾಕ ಅವ್ರಿಗೆ ಕ್ಲಾಸ್ ಎಲ್ಲಿತ್ರಿ. ನಿಮಗದ. ನೀವು ಒಯ್ರಿ."

ಸೋಮವಾರ ಹತ್ತನೆಯ ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು ಆ ಕಥೆ ಹೇಳಿದೆ. ಈಗ ತರಗತಿಯಲ್ಲಿ ಹದಿನೆಂಟೇ ಮಕ್ಕಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಕೌನ್ಸಾ ಪೇಜ್ ಟೀಚರ್ ಎಂದು ಯಾರೋ ಕೇಳಿದರು. ಇದಕ್ಕೆ ಪೇಜಿಲ್ಲ, ಮನೆಗೆ ಹೋಗಿ ಹೇಳಿ, ಈ ಸಲ ಪ್ರಶ್ನೆ ನಾನೇ ಕೊಡುತ್ತೇನೆ, ಉತ್ತರ ಮನೆಯಿಂದ ತನ್ನಿ ಎಂದೆ. ಹೆಂಡತಿಗೆ ಗೊತ್ತಿತ್ತೇ?

ಮಂಗಳವಾರ ಬಂದ ಉತ್ತರಗಳಲ್ಲಿ ಹೆಚ್ಚಿನವು ಇಲ್ಲ ಎಂದವು. ಗೊತ್ತಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು ಎಂಬ ಜಾಣ ಅಪ್ಪಂದಿರೂ ಇದ್ದರು. ಕೊನೆಯಲ್ಲಿ ದಿವಾದಿಂದ ಬರುವ ಒಬ್ಬಳು ಎದ್ದಳು. ಅವಳ ತಾಯಿ ರಾಯಚೂರಿನ ಕಡೆಯವಳು, ಸ್ಟೇಷನ್ ಹೊರಗೆ ತರಕಾರಿ ಮಾರುತ್ತಾಳೆ. ಮಮ್ಮಿ ಬೋಲೀ ಎಂದು ಹಿಂದಿಯಲ್ಲಿ ಶುರು ಮಾಡಿದವಳು, ತಾಯಿಯ ಮಾತನ್ನು ತಾಯಿಯ ಭಾಷೆಯಲ್ಲೇ ಹೇಳಿದಳು.

"ಗೊತ್ತಿತ್ತು. ಗೊತ್ತಿದ್ದಕ್ಕೇ ದಿನಾ ಟೈಮ್ ಕೇಳ್ತಿದ್ಳು. ಅವನಿಗೂ ಅದು ಗೊತ್ತಿತ್ತು. ಅದಕ್ಕೇ ಬೇಸರ ಇಲ್ದಂಗ ದಿನಾ ಹೇಳ್ತಿದ್ದ."

ಬಿಡುವಿನಲ್ಲಿ ಶಾಲೆಯ ಮೆಟ್ಟಿಲ ಮೇಲೆ ಕೂತು ಕಲ್ಯಾಣಕ್ಕೆ ಫೋನು ಹಚ್ಚಿದೆ. ಉತ್ತರವನ್ನು ಒಂದಕ್ಷರ ಬಿಡದೆ ಹೇಳಿದೆ.  ಆ ಕಡೆ ಕುಕ್ಕರಿನ ಸೀಟಿ ಎರಡು ಸಲ ಕೇಳಿಸಿತು. ಆಮೇಲೆ ಯಾರ ಮನೆಯ ಉತ್ತರ ಇದು ಎಂದು ಕೇಳಿದರು. ಹೇಳಿದೆ.

"ಭಾನುವಾರ ಬರ್ರಿ," ಎಂದರು. "ಬರುವಾಗ ಪುಸ್ತಕ ತಗೊಂಡು ಬರ್ರಿ. ಖರೇ ಅದರಾಗ ಏನದ, ನೋಡೂಣು."